ನಾಲ್ಕನೆಯವನ ಕೊಡೆ

ಅಗೆಯುವವರು ಬಂದು ಅಡುಗೆಮನೆಯ ಗೋಡೆಗೆ ಸುಣ್ಣದ ಗೆರೆ ಎಳೆದು ಹೋದರು. ಅವರು ಓಣಿ ದಾಟುವುದರೊಳಗೆ ಗುಂಡಿಯ ಮನೆಯವಳು ಬಾಗಿಲು ಎಳೆದುಕೊಂಡು ಕೊಡೆ ಮಡಿಸುವವನ ಮನೆಗೆ ಬಂದಳು.

"ಅಣ್ಣಾ, ಈ ಸಲ ಒಲೆಯವರೆಗೆ ಬಂತು."

"ಏನು?"

"ಇನ್ನೇನು, ಗುಂಡಿ. ಆಚೆ ವರ್ಷ ಬಚ್ಚಲು ಹೋಯ್ತು. ಹೋದ ವರ್ಷ ತುಳಸಿಕಟ್ಟೆ ಹೋಯ್ತು. ಈ ವರ್ಷ ಅಡುಗೆಮನೆ. ಮುಂದಿನ ವರ್ಷ ನಾನು ಮಲಗೋ ಜಾಗ. ಆಮೇಲೆ ನಾನೇ ಇಳಿದು ಕೂತ್ಕೋತೀನಿ, ಮೇಲೆ ಮಣ್ಣು ಎಳೆದುಬಿಡಿ."

ಅವಳು ಸೆರಗಿನಡಿಯಿಂದ ಒಂದು ಚೀಲ ತೆಗೆದು ಅವನ ಮುಂದೆ ಹಾಕಿದಳು. ಹಸಿರು ಕ್ಯಾನ್ವಾಸಿನ ಚೀಲ. ಮೊಳ ಉದ್ದ, ಮೊಳ ಅಗಲ. ಹೊಲಿಗೆ ಗಟ್ಟಿಯಾಗಿತ್ತು.

"ಇದು ಅವರದ್ದು. ಈ ಸಲ ಇದರಲ್ಲಿ ತುಂಬಿಸಿಕೊಡು."

"ಹಿಡಿಯಲ್ಲ."

"ಮೊದಲು ದಿನಾ ತುಂಬಿಸ್ತಿದ್ದೆಯಲ್ಲ."

"ಆಗ ಹಿಡೀತಿತ್ತು."

"ಈಗ ಯಾಕೆ ಹಿಡಿಯಲ್ಲ ಅಂತ ನಿನಗೆ ಗೊತ್ತು. ನನಗೆ ಬರೀ ಅನುಮಾನ," ಎಂದಳು ಅವಳು. "ನಾನು ಕೇಳಲ್ಲ. ನನಗೆ ಒಲೆ ಉಳಿಸಿಕೊಡು."

ಚೀಲವನ್ನು ಮತ್ತೆ ಸೆರಗಿನಡಿಗೆ ಸೇರಿಸಿಕೊಂಡು ಹೋದಳು. ಮಡಿಸುವವನು ಹಿತ್ತಲಿಗೆ ಹೋಗಿ ಕೈ ತೊಳೆದ. ವರ್ಷಕ್ಕೊಮ್ಮೆ ಕೊಡೆ ಮಡಿಸುವ ದಿನ ಹತ್ತಿರ ಬಂದಾಗಲೆಲ್ಲ ಅವನು ಕೈ ತೊಳೆಯುತ್ತಿದ್ದ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಯುದ್ಧಕ್ಕೆ ಹಾರಿಹೋದವನು ಹಿಂದಿರುಗದಿದ್ದರೆ, ಅವನ ಹೆಣವೂ ಸಿಗದಿದ್ದರೆ, ಅವನ ಹೆಸರಿನಲ್ಲಿ ಅವನ ಕೊಡೆಯನ್ನು ಹೂಳಬೇಕು. ಕೊಡೆ ಎಂದರೆ ಪ್ಯಾರಾಚೂಟು. ವಿಮಾನದವರು ಅದನ್ನು ಹಾಗೆ ಕರೆಯುತ್ತಿದ್ದರು. ಹೂಳುವ ಮೊದಲು ಕೊಡೆಯನ್ನು ಮೇಜಿನ ಮೇಲೆ ಹರಡಿ ಮಡಿಸಬೇಕು. ಮಡಿಸುವಾಗ ಅವನ ಜೊತೆ ಹಾರಿದವರು ಸುತ್ತ ನಿಂತು ಒಂದೊಂದು ಮಡಿಕೆಗೆ ಅವನ ಬಗ್ಗೆ ಒಂದೊಂದು ಮಾತು ಹೇಳಬೇಕು. ಮಡಿಸಿದ್ದನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಮನೆಯವರು ಚೀಲ ಹೊತ್ತೊಯ್ದು ಅಂಗಳದ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಬೇಕು. ಚೀಲವಿಲ್ಲದೆ ಗುಂಡಿ ಮುಚ್ಚುವ ಹಾಗಿಲ್ಲ.

ಬೇರೆ ಊರುಗಳಲ್ಲಿ ಬಟ್ಟೆಗೆ ಕಿವಿ ಇಲ್ಲ. ಆ ಊರಿನಲ್ಲಿ ಇತ್ತು. ಮಾತು ನೆಟ್ಟಗಿದ್ದರೆ ಬಟ್ಟೆ ಮಡಿಕೆಗೆ ಬರುತ್ತಿತ್ತು. ಇಲ್ಲದಿದ್ದರೆ ಉಬ್ಬುತ್ತಿತ್ತು.

ನಾಲ್ಕು ವಿಮಾನ ಹೋಗಿದ್ದವು. ಮೂರು ಬಂದವು. ಮುಂದಾಳು ಬಂದ. ಅವನ ಎಡಕ್ಕೆ ಹಾರುತ್ತಿದ್ದವನು ಬಂದ. ಬಲಕ್ಕೆ ಹಾರುತ್ತಿದ್ದವನು ಬಂದ. ನಾಲ್ಕನೆಯವನು, ಗುಂಡಿಯ ಮನೆಯವಳ ಗಂಡ, ಬರಲಿಲ್ಲ. ಅವನ ಕೊಡೆ ಮಾತ್ರ ನೆಲದ ಮೇಲೇ ಉಳಿದಿತ್ತು.

ಮೊದಲ ವರ್ಷ ಕೊಡೆಯನ್ನು ಮೇಜಿನ ಮೇಲೆ ಹರಡಿದಾಗ ಊರೆಲ್ಲ ಸೇರಿತ್ತು. ಮುಂದಾಳು ಮೊದಲ ಮಡಿಕೆಗೆ ಹೇಳಿದ: "ಅವನಿಗೆ ಭಯ ಎಂಬುದೇ ಇರಲಿಲ್ಲ." ಮಡಿಸುವವನ ಕೈಯಡಿಯಲ್ಲಿ ಬಟ್ಟೆ ಗೇಣುದ್ದ ಎದ್ದಿತು. ಹಿಂದೆ ಹಾಗೆ ಆಗಿರಲಿಲ್ಲ. ಜನ ಹಿಂದೆ ಸರಿದರು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಮುಂದಾಳು ಚುರುಕಿನ ಮನುಷ್ಯ. "ನೋಡಿ, ನೋಡಿ," ಎಂದ. "ಅವನ ಬಟ್ಟೆ ಹೆಮ್ಮೆಯಿಂದ ಉಬ್ಬುತ್ತಿದೆ." ಜನಕ್ಕೆ ಹೋದ ಜೀವ ಬಂತು. ಚಪ್ಪಾಳೆ ತಟ್ಟಿದರು.

ಬಟ್ಟೆ ಉಬ್ಬುವುದು ಒಳಗೆ ಗಾಳಿ ಹೊಕ್ಕಾಗ ಮಾತ್ರ. ಕೊಡೆ ಮಡಿಸುವ ಯಾರಿಗೂ ಅದು ಗೊತ್ತು. ಮಡಿಸುವವನು ಬಾಯಿ ಬಿಡಲಿಲ್ಲ.

ಆ ವರ್ಷ ಚೀಲ ಸಾಲಲಿಲ್ಲ. ಹೂಳುವುದು ಮುಂದಿನ ವರ್ಷದ ಅದೇ ದಿನಕ್ಕೆ ಹೋಯಿತು. ದೊಡ್ಡ ಚೀಲ ಹೊಲಿಸಿದರು. ದೊಡ್ಡ ಚೀಲಕ್ಕೆ ದೊಡ್ಡ ಗುಂಡಿ ಬೇಕಾಯಿತು. ಮುಂದಿನ ವರ್ಷ ಹೊಸ ಮಾತು ಬಂದವು, ಆ ಚೀಲವೂ ಸಾಲಲಿಲ್ಲ. ಇನ್ನೂ ದೊಡ್ಡ ಚೀಲ, ಇನ್ನೂ ದೊಡ್ಡ ಗುಂಡಿ. ಹೀಗೆ ಮೂವತ್ತು ವರ್ಷ. ತೋಡಿದ ಮಣ್ಣಿನಿಂದ ವಿಮಾನದ ಶೆಡ್ಡಿನಲ್ಲಿ ಒಂದು ಜಗುಲಿ ಕಟ್ಟಿದರು. ಮುಂದಾಳು ಅದರ ಮೇಲೆ ನಿಂತು ಮಾತಾಡುತ್ತಿದ್ದ. ವರ್ಷ ವರ್ಷಕ್ಕೂ ಎತ್ತರವಾಗುತ್ತಿದ್ದ.

ಅವಳ ಅಂಗಳದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತಿತ್ತು. ಪಾಚಿ ಕಟ್ಟಿ ನಾರುತ್ತಿತ್ತು. ಅವಳು ಬಿಂದಿಗೆಯಲ್ಲಿ ಮೊಗೆದು ಮೊಗೆದು ಹೊರಗೆ ಸುರಿಯುತ್ತಿದ್ದಳು. ಪರಊರಿನವರು ಬಂದರೆ ಊರವರು ಕರೆತಂದು ತೋರಿಸುತ್ತಿದ್ದರು. "ಇಷ್ಟು ದೊಡ್ಡ ಗುಂಡಿಯ ವೀರ ಇನ್ನೊಬ್ಬನಿಲ್ಲ" ಎನ್ನುತ್ತಿದ್ದರು. ಪರಊರಿನವರು ಇಣುಕಿ ನೋಡಿ, ಎಲೆಅಡಿಕೆ ಉಗಿದು ಹೋಗುತ್ತಿದ್ದರು.

ಮೂವತ್ತೊಂದನೆಯ ವರ್ಷದ ದಿನ ಬಂತು.

ಶೆಡ್ಡಿನ ಬಾಗಿಲಲ್ಲಿ ಜಿಲೇಬಿ ಕರಿಯುತ್ತಿದ್ದರು. ಎಣ್ಣೆಯ ಹೊಗೆ ಒಳಗೆಲ್ಲ ತುಂಬಿತ್ತು. ಎಂಟು ಜನ ಕೊಡೆಯನ್ನು ಹೆಗಲ ಮೇಲೆ ಹೊತ್ತು ತಂದರು. ಮೇಜಿಗೆ ಮೇಜು ಜೋಡಿಸಿ ಹದಿನಾರು ಮೇಜಿನ ಮೇಲೆ ಹರಡಿದರು. ಒಂದು ಕಾಲಕ್ಕೆ ಬಿಳಿಯಾಗಿದ್ದ ಬಟ್ಟೆ. ಈಗ ಅದಕ್ಕೆ ಬಣ್ಣವಿರಲಿಲ್ಲ. ಮೂವತ್ತು ವರ್ಷದ ಕೈಯ ಜಿಡ್ಡು, ಜಿಲೇಬಿಯ ಪಾಕ, ಹೂವಿನ ಕೊಳೆ ಅದಕ್ಕೆ ಮೆತ್ತಿತ್ತು. ಹೊಟ್ಟೆಯುಬ್ಬರ ಬಂದ ದನದ ಹಾಗೆ ಅದು ಏರುತ್ತ ಇಳಿಯುತ್ತ ಬಿದ್ದಿತ್ತು. ತಾಯಂದಿರು ಕೂಸುಗಳ ಕೈ ಹಿಡಿದು ಅದಕ್ಕೆ ಮುಟ್ಟಿಸುತ್ತಿದ್ದರು.

ಮೂವರು ಮುದುಕರು ತಮ್ಮ ತಮ್ಮ ಜಾಗದಲ್ಲಿ ನಿಂತರು. ಮುಂದಾಳಿಗೆ ಹೊಸ ಹಲ್ಲು ಕಟ್ಟಿಸಿದ್ದರು. ಎಡದವನಿಗೆ ಕತ್ತು ನಡುಗುತ್ತಿತ್ತು. ಬಲದವನಿಗೆ ಕಿವಿ ಕೇಳುತ್ತಿರಲಿಲ್ಲ. ಅವನು ಪಕ್ಕದವರನ್ನು ಕೇಳಿ ತಿಳಿದುಕೊಂಡು, ಹಿಂದಿನವನು ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಮೂವತ್ತು ವರ್ಷ ಅವನ ಕೆಲಸ ಅಷ್ಟೇ ಆಗಿತ್ತು.

ಗುಂಡಿಯ ಮನೆಯವಳು ಜನರನ್ನು ಸರಿಸಿಕೊಂಡು ಮುಂದೆ ಬಂದು ನಿಂತಳು. ಕೈಯಲ್ಲಿ ಹಸಿರು ಚೀಲ.

ಮುಂದಾಳು ಜಗುಲಿಯ ಮೇಲಿನಿಂದ ನಕ್ಕ. "ಅದನ್ನೇನಕ್ಕೆ ತಂದೆ ತಾಯೀ? ಅದರಲ್ಲಿ ಅವನ ಒಂದು ಪಾದವೂ ಹಿಡಿಯಲ್ಲ."

ಜನ ನಕ್ಕರು.

"ಅವರ ಪಾದ ನಾನು ನೋಡಿದ್ದೀನಿ ಸ್ವಾಮಿ," ಎಂದಳು ಅವಳು. "ನನ್ನ ಚಪ್ಪಲಿ ಅವರಿಗೆ ಆಗ್ತಿತ್ತು."

ಯಾರೋ ಒಬ್ಬ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಮುಂದಾಳು ಗಂಟಲು ಸರಿಮಾಡಿಕೊಂಡ. "ಅವನಿಗೆ ಭಯ ಎಂಬುದೇ ಇರಲಿಲ್ಲ," ಎಂದ. ಮಡಿಸುವವನು ಬಟ್ಟೆಯ ಅಂಚು ಎತ್ತಿ ಮಡಿಸಿದ. ಬಟ್ಟೆ ಉಬ್ಬಿತು. ಜನ ಚಪ್ಪಾಳೆ ತಟ್ಟಿದರು.

"ಅವನು ಹೊರಟರೆ ಶತ್ರುವಿನ ಆಕಾಶ ಖಾಲಿಯಾಗುತ್ತಿತ್ತು," ಎಂದ. ಇದು ಈ ವರ್ಷದ ಹೊಸ ಮಾತು. ಬಟ್ಟೆ ಉಬ್ಬಿತು. ಜನ ಚಪ್ಪಾಳೆ ತಟ್ಟಿದರು.

"ಕೊಡೆ ಕೊಟ್ಟರೆ ಬೇಡ ಎಂದು ಎಸೆದು ಹೋದ," ಎಂದ. ಬಟ್ಟೆ ಉಬ್ಬಿ ಮೇಜಿನಿಂದ ಹೊರಗೆ ಜೋತುಬಿತ್ತು. ಜನ ಶಿಳ್ಳೆ ಹಾಕಿದರು.

ಎಡದವನ ಸರದಿ. ಅವನು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದ, ನೆಲ ನೋಡುತ್ತ ಹೇಳುತ್ತಿದ್ದ. "ಉರಿಯುವ ವಿಮಾನದಿಂದ ಅವನು ಹಾರಲಿಲ್ಲ." ಬಟ್ಟೆ ಎಲ್ಲಕ್ಕಿಂತ ಹೆಚ್ಚು ಉಬ್ಬುತ್ತಿದ್ದುದು ಈ ಮಾತಿಗೇ. ಈ ಸಲವೂ ಉಬ್ಬಿತು. ಒಳಗಿನಿಂದ ಹಳಸಿದ ಗಾಳಿ ಹೊರಬಂದು ಮಡಿಸುವವನ ಮುಖಕ್ಕೆ ಹೊಡೆಯಿತು.

"ಏನಂದ?" ಎಂದ ಬಲದವನು. ಪಕ್ಕದವರು ಕಿವಿಯಲ್ಲಿ ಹೇಳಿದರು. "ಹಾರಲಿಲ್ಲ! ಹಾರಲೇ ಇಲ್ಲ!" ಎಂದು ಅವನು ಕೂಗಿದ. ಬಟ್ಟೆ ಉಬ್ಬಿತು.

ಕೊನೆಯ ಮಡಿಕೆ ಮಡಿಸುವವನದು. ಅವನು ಹಾರಿದವನಲ್ಲ, ನೆಲದ ಮೇಲಿನ ಕೆಲಸದವನು. ಅವನಿಗೆ ಹೊಗಳುವ ಹಕ್ಕಿರಲಿಲ್ಲ. ಕಸುಬಿನ ಮಾತನ್ನಷ್ಟೇ ಹೇಳಬೇಕಿತ್ತು. ಒಂದು ಕೊಡೆ ಮಡಿಸಿ ಮುಗಿದಾಗ ಮಡಿಸಿದವನು ಹೇಳುವ ಮಾತು ಅದು: "ಮಡಿಸಿದ್ದೇನೆ, ತೆರೆಯುತ್ತದೆ." ಮೂವತ್ತು ವರ್ಷ ಅವನು ಅದನ್ನೇ ಹೇಳಿದ್ದ. ಮೂವತ್ತು ಸಲವೂ ಬಟ್ಟೆ ಅವನ ಅಂಗೈಯಡಿಯಲ್ಲೇ ಉಬ್ಬಿತ್ತು. ಆಮೇಲೆ ಅವನು ಕೈ ತೊಳೆದುಕೊಂಡು, ಕೊಟ್ಟ ಜಿಲೇಬಿ ತಿಂದು ಮನೆಗೆ ಹೋಗಿದ್ದ.

ಈಗ ಅವನು ಅಂಗೈಯನ್ನು ಬಟ್ಟೆಯ ಮೇಲಿಟ್ಟ. ಅದು ಬೆಚ್ಚಗಿತ್ತು.

"ಮಡಿಸಿರಲಿಲ್ಲ," ಎಂದ.

ಬಟ್ಟೆ ಒಂದು ಗೇಣು ಇಳಿಯಿತು.

"ಏನೋ?" ಎಂದ ಮುಂದಾಳು.

"ಆ ದಿನ ಇದನ್ನು ಮಡಿಸಿರಲಿಲ್ಲ. ಒದ್ದೆ ಇತ್ತು."

ಬಟ್ಟೆ ಇನ್ನೊಂದು ಗೇಣು ಇಳಿಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು.

ಮಡಿಸುವವನು ಮಡಿಕೆ ಹಾಕುತ್ತ ಹೇಳಿದ. ಅವನಿಗೆ ಉದ್ದ ಮಾತು ಬರುತ್ತಿರಲಿಲ್ಲ. ಒಂದು ಮಡಿಕೆಗೆ ಒಂದು ಮಾತು ಹೇಳಿದ.

"ಹಿಂದಿನ ದಿನ ನಾಲ್ವರೂ ಮಳೆಯಲ್ಲಿ ನೆಂದು ಬಂದಿದ್ದರು, ಕೊಡೆಗಳೂ ನೆಂದಿದ್ದವು.

"ಕೊಡೆ ಒಣಗಿಸುವ ಗೋಪುರದಲ್ಲಿ ಕೊಕ್ಕೆ ಇದ್ದದ್ದು ಮೂರು.

"ಯಾವಾಗಲೂ ದೊಡ್ಡವರದ್ದು ಮೊದಲು ನೇತುಹಾಕಬೇಕು. ಹಾಕಿದೆ.

"ಇವನದ್ದು ಕೆಳಗೆ ಬಕೆಟ್ಟಿನಲ್ಲಿ ಉಳಿಯಿತು.

"ಇವನ ಸರದಿ ಬರುವ ಮೊದಲೇ ಹೊರಡುವ ಗಂಟೆ ಹೊಡೆದರು.

"ಇವನು ನನ್ನ ಹತ್ತಿರ ಮೂರು ಸಲ ಬಂದ. ಆಯ್ತಾ ಅಣ್ಣಾ ಅಂತ ಕೇಳಿದ. ಕೈ ನಡುಗುತ್ತಿತ್ತು."

ಬಟ್ಟೆ ಒಂದೊಂದು ಮಾತಿಗೂ ಒಂದೊಂದು ಗೇಣು ಇಳಿಯುತ್ತಿತ್ತು.

"ಇವನ ಮಾತು ನಿಲ್ಲಿಸಿ!" ಎಂದು ಮುಂದಾಳು ಕೂಗಿದ. "ಇವನು ಹಾರಿದವನಲ್ಲ. ನೆಲದವನ ಮಾತು ಇಲ್ಲಿ ನಡೆಯಲ್ಲ."

"ನಡೀತಿದೆಯಲ್ಲ," ಎಂದಳು ಗುಂಡಿಯ ಮನೆಯವಳು. "ಬಟ್ಟೆ ನೋಡಿ."

"ಅವನು ಹುಲಿ!" ಎಂದ ಮುಂದಾಳು. ಬಟ್ಟೆ ಉಬ್ಬಿತು. "ಸಿಂಹ!" ಎಂದ. ಇನ್ನೂ ಉಬ್ಬಿತು. ಜನರಲ್ಲಿ ಅರ್ಧ ಮಂದಿ ಚಪ್ಪಾಳೆ ತಟ್ಟಿದರು.

"ಇವನು ಕುಳ್ಳ," ಎಂದ ಮಡಿಸುವವನು. ಬಟ್ಟೆ ಇಳಿಯಿತು. "ಕೊಡೆಯ ಚೀಲದ ಮೇಲೆ ಕೂತರೇ ಇವನಿಗೆ ಗಾಜಿನಿಂದ ಹೊರಗೆ ಕಾಣುತ್ತಿತ್ತು. ಕೊಡೆ ಇಲ್ಲ. ಆಗ ಮುಂದಾಳು ನನ್ನನ್ನು ಕರೆದು, ನಿನ್ನ ದಿಂಬು ಕೊಡು ಎಂದ. ಕೊಟ್ಟೆ. ಇವತ್ತು ಕೊಡೆ ಬೇಕಾಗಲ್ಲ, ಹೋಗಿ ಬಂದುಬಿಡೋಣ ಎಂದ. ಇವನನ್ನು ನನ್ನ ದಿಂಬಿನ ಮೇಲೆ ಕೂರಿಸಿ ಯುದ್ಧಕ್ಕೆ ಕಳಿಸಿದೆವು."

ಬಟ್ಟೆ ಹದಿನಾರು ಮೇಜಿನಿಂದ ಹತ್ತು ಮೇಜಿಗೆ ಬಂತು. ಅಲ್ಲಿ ನಿಂತಿತು. ಮಡಿಸುವವನು ಒತ್ತಿದ. ಮುಂದೆ ಹೋಗಲಿಲ್ಲ. ನಡುವೆ ಒಂದು ಕಡೆ ಗುಡ್ಡದ ಹಾಗೆ ಗಾಳಿ ನಿಂತಿತ್ತು. ಅವನು ಎಡದವನ ಮುಖ ನೋಡಿದ.

"ಅದು ನಿಮ್ಮದು," ಎಂದ. "ನಾನು ನೋಡಿಲ್ಲ. ನೋಡಿದವರು ನೀವು."

ಎಡದವನು ಮೇಜಿನಿಂದ ಹಿಂದೆ ಸರಿದ. "ನಾನು ಸುಳ್ಳು ಹೇಳಿಲ್ಲ," ಎಂದ. "ಹಾರಲಿಲ್ಲ ಅಂದೆ. ಅವನು ಹಾರಲಿಲ್ಲ."

ಬಟ್ಟೆ ಉಬ್ಬಿತು.

"ಯಾಕೆ ಹಾರಲಿಲ್ಲ ಅಂತ ಹೇಳಿ ಅಣ್ಣಾ," ಎಂದಳು ಅವಳು. ಮೆತ್ತಗೆ ಕೇಳಿದಳು. "ನನಗೆ ಹೇಳಿ. ಇವರಿಗೆ ಬೇಡ."

ಎಡದವನು ಅವಳ ಕಡೆ ತಿರುಗಿದ. ಆಮೇಲೆ ಹೇಳಿದ. ಬರೀ ತುಟಿ ಅಲುಗಿತು. ಮುಂದೆ ನಿಂತಿದ್ದವರಿಗೂ ಕೇಳಿಸಲಿಲ್ಲ.

"ಏನಂದ?" ಎಂದ ಬಲದವನು. ಯಾರೂ ಹೇಳಲಿಲ್ಲ. ಎಡದವನೇ ಅವನ ಕಿವಿಗೆ ಬಾಯಿ ಇಟ್ಟು ಹೇಳಿದ. ಬಲದವನು ತಲೆ ಆಡಿಸಿದ. ಎದೆ ಸೆಟೆಸಿ, ಮೂವತ್ತು ವರ್ಷ ಕೂಗಿದ ಹಾಗೇ ಕೂಗಿದ.

"ಬೆಂಕಿ ಹತ್ತಿತು! ರೆಕ್ಕೆಯ ಮೇಲೆ ಎದ್ದು ನಿಂತ! ಬೆನ್ನ ಕೆಳಗೆ ಕೈ ಹಾಕಿ ತಡಕಿದ! ಕೊಡೆ ಇರಲಿಲ್ಲ! ಮತ್ತೆ ಒಳಗೆ ಹೋಗಿ ಕೂತ!"

ಕೂಗಿ ಮುಗಿದ ಮೇಲೆ ತಾನು ಕೂಗಿದ್ದು ಏನೆಂದು ಅವನಿಗೆ ಹೊಳೆಯಿತು. ಚಪ್ಪಾಳೆಗಾಗಿ ನಗುತ್ತಿದ್ದ ಬಾಯಿ ಹಾಗೇ ತೆರೆದು ನಿಂತಿತು.

ಗುಡ್ಡ ಕುಸಿಯಿತು. ಒಳಗಿದ್ದ ಗಾಳಿಯೆಲ್ಲ ಒಮ್ಮೆಗೇ ಹೊರಬಂತು. ಮೂವತ್ತು ವರ್ಷ ಮುಚ್ಚಿಟ್ಟ ಬಾಯಿಯ ವಾಸನೆ ಅದು. ಜನ ಮೂಗು ಹಿಡಿದರು. ಒಬ್ಬಳು ಜಿಲೇಬಿ ಉಗಿದಳು. ಹಲವರು ಬಾಗಿಲಿಗೆ ಓಡಿದರು.

ಮೇಜಿನ ಮೇಲೆ ತೆಳ್ಳಗಿನ ಕೊಳಕು ಬಟ್ಟೆಯೊಂದು ಬಿದ್ದಿತ್ತು. ಮಡಿಸುವವನು ಬೇಗಬೇಗ ಮಡಿಸಿದ. ಕೈಗೆ ಹಳೆಯ ಕಸುಬು ಮರೆತಿರಲಿಲ್ಲ. ಅವಳು ಚೀಲದ ಬಾಯಿ ಹಿಡಿದಳು. ಬಟ್ಟೆ ಒಳಗೆ ಹೋಯಿತು. ಕೊನೆಯ ಒಂದು ಮಡಿಕೆ ಹೊರಗೆ ಉಳಿಯಿತು. ಒತ್ತಿದರೂ ಹೋಗಲಿಲ್ಲ.

ಅವಳು ಅದನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಒದ್ದೆಯದನ್ನೇ ಕೊಡಬಹುದಿತ್ತಲ್ಲ ಅಣ್ಣಾ?"

"ಕೊಡಬಹುದಿತ್ತು."

"ಒದ್ದೆ ಇದ್ದರೆ ತೆರೆಯಲ್ಲವಾ?"

"ಹತ್ತರಲ್ಲಿ ಐದು ಸಲ ತೆರೆಯುತ್ತೆ."

"ಮತ್ತೆ?"

ಮಡಿಸುವವನು ಅಂಗಿಗೆ ಕೈ ಒರೆಸಿಕೊಂಡ. "ಒದ್ದೆಯದನ್ನು ಕೊಡಬಾರದು ಅಂತ ನಿಯಮ ಇತ್ತು. ಕೊಟ್ಟು, ಅದು ತೆರೆಯದೇ ಹೋಗಿದ್ದರೆ, ಮಡಿಸಿದವನು ಅಂತ ನನ್ನ ಹೆಸರು ಬರ್ತಿತ್ತು. ಕೊಡದೇ ಇದ್ದರೆ ಬರ್ತಿರಲಿಲ್ಲ. ಬರಲೂ ಇಲ್ಲ."

ಕೊನೆಯ ಮಡಿಕೆ ಒಳಗೆ ಜಾರಿತು.

ಅವಳು ಚೀಲದ ಬಾಯಿ ಕಟ್ಟಿದಳು. ಗಂಟಿನ ಮೇಲೆ ಗಂಟು ಹಾಕಿದಳು. ಆಮೇಲೆ ಅವಳು ಅವನನ್ನು ಅಣ್ಣಾ ಎಂದು ಕರೆಯಲಿಲ್ಲ.

ಮುಂದಾಳು ಜಗುಲಿಯಿಂದ ಇಳಿದಿರಲಿಲ್ಲ. ಉಳಿದ ಜನರ ಮುಖ ನೋಡಿದ. ಜನ ಅವನ ಮುಖ ನೋಡುತ್ತಿದ್ದರು. ಬೆಳಿಗ್ಗೆಯಿಂದ ಕಾದು ನಿಂತವರು. ಅವರಿಗೆ ಏನಾದರೂ ಬೇಕಿತ್ತು.

"ಆ ಚಿಂದಿ ಅವನದ್ದಲ್ಲ," ಎಂದ ಮುಂದಾಳು. "ಯಾವನೋ ಕುಳ್ಳನದ್ದು. ನಮ್ಮ ವೀರನ ಕೊಡೆ ಆಕಾಶದಲ್ಲೇ ಉಳಿಯಿತು. ನಾವು ಅವನ ಹೆಸರಿನಲ್ಲಿ ಹೊಸದು ತರಿಸೋಣ."

ಜನರಿಗೆ ಹೋದ ಜೀವ ಬಂತು. ಚಪ್ಪಾಳೆ ತಟ್ಟಿದರು. ಮೊದಲು ಒಬ್ಬ ತಟ್ಟಿದ, ಆಮೇಲೆ ಎಲ್ಲರೂ ತಟ್ಟಿದರು. ಬಾಗಿಲಿಗೆ ಓಡಿದವರೂ ಮರಳಿ ಬಂದರು. ಆರಿದ ಎಣ್ಣೆಯ ಕೆಳಗೆ ಮತ್ತೆ ಬೆಂಕಿ ಹಾಕಿದರು.

ಮಡಿಸುವವನು ಶೆಡ್ಡಿನ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ. ಯಾರೂ ನೋಡಲಿಲ್ಲ.

ಗುಂಡಿಯ ಮನೆಯವಳು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬಳೇ ಮನೆಗೆ ಹೋದಳು. ಏಣಿ ಇಟ್ಟು ಗುಂಡಿಗೆ ಇಳಿದಳು. ಆಳ ಐದಾಳು, ಅಗಲ ಅಂಗಳದಷ್ಟು. ಚೀಲವನ್ನು ನಡುವೆ ಇಟ್ಟು ಮೇಲೆ ಹತ್ತಿ ಬಂದು ನೋಡಿದಳು. ತಳದಲ್ಲಿ ಅದು ಒಂದು ಇಟ್ಟಿಗೆಯಷ್ಟು ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಮಡಿಸುವವನು ಬುಟ್ಟಿ ಮತ್ತು ಸಲಿಕೆ ಹಿಡಿದು ಬಂದ. ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮಣ್ಣು ಹತ್ತಿರದಲ್ಲಿ ಇರಲಿಲ್ಲ. ವಿಮಾನ ಇಳಿಯುವ ಬಯಲಿನ ಅಂಚಿನಿಂದ ತರಬೇಕಿತ್ತು. ಅವನು ಅಗೆದು ಹೊತ್ತು ತಂದ. ಅವಳು ಸುರಿದು ತುಳಿದಳು. ಒಂಬತ್ತನೆಯ ದಿನ ಎಡದವನು ಬಂದು ಮೂರು ಬುಟ್ಟಿ ಹೊತ್ತ. ನಾಲ್ಕನೆಯದಕ್ಕೆ ಕೈ ಸೋತು ಕೂತ. ಅವಳು ನೀರು ಕೊಟ್ಟಳು. ಅವನು ಕುಡಿದು ಹೋದ, ಮತ್ತೆ ಬರಲಿಲ್ಲ. ಇಪ್ಪತ್ತನೆಯ ದಿನ ಶೆಡ್ಡಿಗೆ ಹೊಸ ಬಟ್ಟೆ ಬಂತೆಂದು ಊರಲ್ಲಿ ಡೋಲು ಬಡಿದರು. ಅಗೆಯುವವರು ಮುಂದಾಳಿನ ಮನೆಗೆ ಹೋಗಿ, ಇನ್ನು ಗುಂಡಿ ಯಾರ ಅಂಗಳದಲ್ಲಿ ತೋಡಬೇಕೆಂದು ಕೇಳಿದರು. ಅವನು ಓಣಿಯ ತುದಿಯ ಇನ್ನೊಬ್ಬ ವಿಧವೆಯ ಮನೆ ತೋರಿಸಿದ.

ನಲವತ್ತಾರನೆಯ ದಿನ ಗುಂಡಿ ಮುಚ್ಚಿತು.